ಎಡಗೈಗೆ ಕಾಗೆ, ಬಲಗೈಗೆ ನವಿಲು

ರಾಯಚೂರಿನಲ್ಲಿ, ಏಪ್ರಿಲ್ ತಿಂಗಳಲ್ಲಿ, ತಿರುಗುತ್ತಿರುವ ಫ್ಯಾನನ್ನು ಎದ್ದು ಹೋಗಿ ಬಂದ್ ಮಾಡುವ ಮನುಷ್ಯರನ್ನು ನಾನು ನೋಡಿದ್ದು ಒಬ್ಬರನ್ನೇ. ಅವರು ನಮ್ಮ ಹೈಸ್ಕೂಲಿನ ಸೈನ್ಸ್ ಮಾಸ್ತರು. ಸ್ಟಾಫ್ ರೂಮಿನಲ್ಲಿ ಏನಾದರೂ ಹೇಳಬೇಕೆನಿಸಿದರೆ ಮೊದಲು ಸ್ವಿಚ್ ಬೋರ್ಡಿನ ಹತ್ತಿರ ನಡೆಯುತ್ತಿದ್ದರು. ಅವರು ಕುರ್ಚಿ ಸರಿಸಿದ ಸದ್ದಾದರೆ ಸಾಕು, ನಾವೆಲ್ಲ ಸೆರಗು, ಕರವಸ್ತ್ರ, ಹುಡುಗರ ಉತ್ತರ ಪತ್ರಿಕೆ, ಕೈಗೆ ಸಿಕ್ಕಿದ್ದನ್ನು ಹಿಡಿದು ಗಾಳಿ ಬೀಸಿಕೊಳ್ಳಲು ತಯಾರಾಗುತ್ತಿದ್ದೆವು.

“ಸರ್, ಫ್ಯಾನ್ ಬಂದ್ ಮಾಡಿದ್ರ ನಾವು ಬೆಂದು ಹೋಗ್ತೀವ್ರೀ,” ಎಂದು ನಾನು ಕೂಗುತ್ತಿದ್ದೆ.

“ಸುಮ್ನ ಕುಂದರ್ರಿ ಟೀಚರ್, ಕೇಳಿಸ್ತದ,” ಎನ್ನುತ್ತಿದ್ದರು.

ದೇವರು ಅವರಿಗೆ ಆರಡಿ ಎತ್ತರ ಕೊಟ್ಟ. ಅಷ್ಟರಲ್ಲೇ ಅವನ ಹತ್ತಿರ ಸಾಮಾನು ಮುಗಿಯಿತೋ ಏನೋ, ದನಿಯನ್ನು ಮಾತ್ರ ಚಿಟಿಕೆಯಷ್ಟು ಹಾಕಿ ಕಳಿಸಿದ. ಅವರದು ಗುಂಜಹಳ್ಳಿ ಕಡೆಯ ಕುರಿ ಕಾಯುವ ಮನೆತನ. ಕುರಿ ಕರೆಯುವಷ್ಟೂ ದನಿ ಇಲ್ಲದ್ದರಿಂದಲೇ ಅಪ್ಪ ತನ್ನನ್ನು ಶಾಲೆಗೆ ಹಾಕಿದರೆಂದು ಅವರೇ ಹೇಳಿಕೊಂಡು ನಗುತ್ತಿದ್ದರು. ಆ ನಗುವೂ ಕೇಳಿಸುತ್ತಿರಲಿಲ್ಲ, ಭುಜ ಅಲ್ಲಾಡುವುದನ್ನು ನೋಡಿ ನಾವು ತಿಳಿದುಕೊಳ್ಳಬೇಕಿತ್ತು. ಅವರ ಕ್ಲಾಸಿನಲ್ಲಿ ಗುರುತ್ವಾಕರ್ಷಣೆ ಮೂರನೆಯ ಬೆಂಚಿನಿಂದ ಆಚೆಗೆ ಹೋಗುತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದೆ, ನನ್ನ ಗಂಟಲೋ ಊರಿಗೆಲ್ಲ ಗೊತ್ತು. ಹಾಗಾಗಿ ಅವರ ಹಿಂದಿನ ಬೆಂಚಿನ ಹುಡುಗರು ವಿಜ್ಞಾನದ ಪೀರಿಯಡ್ಡಿನಲ್ಲಿ ಹಳಗನ್ನಡ ಕಲಿತು ಪಾಸಾದರು. ಅವರಲ್ಲಿ ಒಬ್ಬ ಈಗ ಮಾನ್ವಿ ಬಸ್ಸಿನ ಕಂಡಕ್ಟರ್. ಈ ಬೇಸಿಗೆ ಶುರುವಾಗುವಾಗ ಮನೆ ಬಾಗಿಲಿಗೆ ಬಂದು, “ಟೀಚರ್, ನಮ್ಮ ಸೈನ್ಸ್ ಸರ್ ಹೋಗಿಬಿಟ್ರು,” ಎಂದು ಹೇಳಿದವನು ಅವನೇ.

ಅವರ ಬಗ್ಗೆ ಬರೆಯಲು ಕೂತರೆ ಮೊದಲು ನಗು ಬರುತ್ತದೆ. ಆಮೇಲೆ ಆ ಪೆಟ್ಟಿಗೆ ನೆನಪಾಗುತ್ತದೆ, ಅವರ ಮನೆಯಾಕೆ ನೆನಪಾಗುತ್ತಾರೆ.

ಅವರ ಮನೆಯಾಕೆಯನ್ನು ಓಣಿಯವರೆಲ್ಲ ಅಕ್ಕ ಎನ್ನುತ್ತಿದ್ದೆವು. ರಾಯಚೂರಿನ ನಮ್ಮ ಓಣಿಯ ಗುಡಿಯಲ್ಲಿ ಸೋಮವಾರದ ಭಜನೆಗೆ ಜನ ಸೇರುತ್ತಿದ್ದದ್ದೇ ಅಕ್ಕನ ಹಾಡು ಕೇಳಲು. ಗಂಡನಿಗೆ ಇಲ್ಲದ ದನಿಯೆಲ್ಲ ಹೆಂಡತಿಗೆ ಬಂದಿತ್ತು. ಎಪ್ಪತ್ತರ ದಶಕದ ಮೊದಲಲ್ಲಿ ಅಕ್ಕನ ಗಂಟಲಿನಲ್ಲಿ ಗಡ್ಡೆಯಾಗಿ, ಹೈದರಾಬಾದಿನ ದವಾಖಾನೆಯಲ್ಲಿ ಆಪರೇಷನ್ ಆಯಿತು. ಜೀವಕ್ಕೆ ಏನೂ ಆಗಲಿಲ್ಲ, ದನಿ ಮಾತ್ರ ಕುಗ್ಗಿತು. ಸ್ವರ ತಪ್ಪಿರಲಿಲ್ಲ, ಆ ಇಂಪೂ ಹಾಗೇ ಇತ್ತು, ಆದರೆ ಎದುರಿಗೆ ಕೂತವರಿಗಷ್ಟೇ ಕೇಳುವಷ್ಟು ಸಣ್ಣದಾಗಿತ್ತು. ಮತ್ತೆ ಭಜನೆಗೆ ಬಂದ ಮೊದಲ ಸೋಮವಾರ ಹಾರ್ಮೋನಿಯಂ ಅಕ್ಕನ ಹಾಡನ್ನು ನುಂಗಿ ಹಾಕಿತು. ಅಕ್ಕ ಅರ್ಧಕ್ಕೇ ನಿಲ್ಲಿಸಿ, ಹಿಂದೆ ಹೋಗಿ ಕೂತು ಚಪ್ಪಾಳೆ ತಟ್ಟಿದರು. ಮುಂದೆ ಚಪ್ಪಾಳೆಗೂ ಬರಲಿಲ್ಲ.

ಮಾಸ್ತರು ಹಾರ್ಮೋನಿಯಂನವರ ಹತ್ತಿರ ಹೋಗಿ, “ಜರಾ ಮೆಲ್ಲಕ ಬಾರಸ್ರಿ,” ಎಂದು ಕೇಳಿದರಂತೆ.

“ಗಾಳಿ ಕಮ್ಮಿ ಆದ್ರ ಇದು ಉಸುರೇ ಬಿಡಂಗಿಲ್ರೀ ಸರ್,” ಅಂದರಂತೆ ಅವರು. ಅದೂ ಸುಳ್ಳಲ್ಲ.

ಬೇರೆ ಗಂಡಸಾಗಿದ್ದರೆ ಹೆಂಡತಿಗೆ ಒಂದು ಮೈಕ್ ತಂದು ಕೊಡುತ್ತಿದ್ದ. ಇವರು ಗ್ರಂಥಾಲಯಕ್ಕೆ ಹೋದರು. ಅಲ್ಲಿ ಗೆದ್ದಲಿನ ಬಾಯಿಗೆ ಬೀಳದೆ ಉಳಿದಿದ್ದ ಇಂಗ್ಲಿಷ್ ವಿಶ್ವಕೋಶದ ಒಂದು ಸಂಪುಟದಲ್ಲಿ ಹಾರ್ಪ್ಸಿಕಾರ್ಡ್ ಎಂಬ ವಾದ್ಯದ ಚಿತ್ರ ಕಂಡಿತು. ಮರುದಿನ ಸ್ಟಾಫ್ ರೂಮಿನ ಫ್ಯಾನ್ ನಿಂತಿತು.

“ಈ ಪಟ್ಟಿ ವಾದ್ಯಗಳ ಮನಿತನ ದೊಡ್ಡದ್ರೀ,” ಎಂದು ಶುರು ಮಾಡಿದರು. ಕೈಯಲ್ಲಿ ಸೀಮೆಸುಣ್ಣ, ಬರೆಯುತ್ತಿದ್ದದ್ದು ಟೇಬಲ್ಲಿನ ಮೇಲೆ. “ಎಲ್ಲಾರಿಗಿಂತ ಹಿರಿ ಮನುಷ್ಯಾ ಆರ್ಗನ್. ಗಾಳಿ ತಿಂದು ಬದುಕೋ ಮುದುಕ. ನಮ್ಮ ಹಾರ್ಮೋನಿಯಂ ಅವನ ದೂರದ ಮೊಮ್ಮಗ. ಈ ಕಡಿ ತಂತಿ ಮಂದಿ. ಅದರಾಗ ಕ್ಲಾವಿಕಾರ್ಡ್ ಅಂತ ಒಬ್ಬಾಕಿ. ಪಟ್ಟಿ ಒತ್ತಿದ್ರ ಹಿತ್ತಾಳಿ ತುಂಡು ಹೋಗಿ ತಂತಿಗಿ ತಾಗಿ ಅಲ್ಲೇ ನಿಲ್ತದ. ಬೆರಳು ಅಲುಗಿಸಿದ್ರ ಸ್ವರಾನೂ ಅಲುಗ್ತದ. ಭಾಳ ಚಂದ. ಆದ್ರ ಬಾಜೂಕ ಕುಂತವರಿಗೂ ಕೇಳಂಗಿಲ್ಲ.”

“ನಿಮ್ಮ ಪೈಕಿನೇ ಅನ್ರಿ,” ಎಂದೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. “ಹೌದ್ರಿ. ಅದಕ್ಕ ಬ್ಯಾಡ. ಹಾರ್ಮೋನಿಯಂಗೂ ಈಕಿಗೂ ನಡುವ ಒಬ್ಬಾಕಿ ಬೇಕು. ಹಾರ್ಪ್ಸಿಕಾರ್ಡ್. ಪಟ್ಟಿ ಒತ್ತಿದ್ರ ಆ ತುದ್ಯಾಗ ಒಂದು ಕಟ್ಟಿಗಿ ಕಡ್ಡಿ ಮ್ಯಾಲ ಏಳ್ತದ. ಕಡ್ಡಿ ಎದಿಯಾಗ ಹಕ್ಕಿ ಗರಿ ದಂಟು ಚುಚ್ಚಿರ್ತಾರ. ಆ ಗರಿ ತಂತಿ ಮೀಟಿ ಕೆಳಗ ಇಳೀತದ. ಮೆಲ್ಲಕ ಒತ್ರಿ, ಗುದ್ರಿ, ದನಿ ಅಷ್ಟೇ. ನೀವು ಸಿಟ್ಟು ಮಾಡಿದ್ರ ಅದು ಸಿಟ್ಟು ಮಾಡಂಗಿಲ್ಲ.”

ಉರ್ದು ಕಲಿಸುವ ಸಾಹೇಬರು ಬೆವರು ಒರೆಸಿಕೊಳ್ಳುತ್ತ, “ನಮ್ಮ ಕವ್ವಾಲಿ ಬೆಂಜೊ ಅದ ಅಲ್ರಿ, ಪಟ್ಟಿನೂ ಅದ, ತಂತಿನೂ ಅದ,” ಎಂದರು.

“ಬೆಂಜೊಕ್ಕ ಒಂದು ಕೈ ಒತ್ಬೇಕು, ಇನ್ನೊಂದು ಕೈ ಮೀಟ್ಬೇಕು. ಇದರಾಗ ಒತ್ತೋ ಬೆರಳೇ ಮೀಟ್ತದ್ರೀ,” ಎಂದು ಮಾಸ್ತರು ಟೇಬಲ್ಲಿನ ಅಂಚನ್ನು ತೋರುಬೆರಳಿನಿಂದ ಒತ್ತಿ ತೋರಿಸಿದರು. ಅಂದಿನಿಂದ ಆ ಬೆರಳಿಗೆ ಅದೇ ಚಟವಾಯಿತು. ಬಸ್ಸಿನ ಕಿಟಕಿ, ಚಹಾದ ಬಸಿ, ಪ್ರಾರ್ಥನೆಗೆ ನಿಂತಾಗ ಸ್ವಂತ ತೊಡೆ, ಎಲ್ಲವನ್ನೂ ಒತ್ತಿ ನೋಡುವರು.

ಪಿಯಾನೊ ಎಂದರೆ ಮಾತ್ರ ಅವರ ಮುಖ ಕಪ್ಪಿಡುತ್ತಿತ್ತು. “ಅಂವಾ ಮನಿಅಳಿಯ ಇದ್ದಂಗ್ರೀ. ಎಲ್ಲಾರಕಿಂತ ಕಡೀಕ ಬಂದ, ಸುತ್ತಿಗಿ ತಗೊಂಡು ತಂತಿ ಹೊಡದ. ಸಣ್ಣ ದನಿನೂ ನಂದೇ, ದೊಡ್ಡ ದನಿನೂ ನಂದೇ ಅಂದ. ಮನಿ ಎಲ್ಲಾ ತನ್ನ ಹೆಸರಿಗಿ ಮಾಡ್ಕೊಂಡ. ಪಾಪ, ಹಾರ್ಪ್ಸಿಕಾರ್ಡುಗಳನ್ನ ಚಳಿಗಾಲದಾಗ ಒಡೆದು ಒಲಿಗಿ ಹಾಕಿದ್ರಂತ.” ಹೇಳುವಾಗ ಅವರ ಕಣ್ಣು ನಿಜವಾಗಿಯೂ ತುಂಬಿತ್ತು.

“ನಮ್ಮ ಊರಾಗ ಹುಟ್ಟಿದ್ರ ಬದುಕ್ತಿತ್ತು ಬಿಡ್ರಿ ಸರ್,” ಎಂದೆ. “ಇಲ್ಲಿ ಚಳಿ ಕಾಯಿಸ್ಕೊಳ್ಳಾಕ ಯಾರಿಗಿ ಕಟ್ಟಿಗಿ ಬೇಕು? ಈಗ ದಯಮಾಡಿ ಫ್ಯಾನ್ ಹಚ್ರಿ.”

ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಹಾಳಾದದ್ದು ಗರಿಯಿಂದ. ಹಿಂದಿನವರು ಕಾಗೆ ಜಾತಿಯ ಹಕ್ಕಿಯ ಗರಿಯನ್ನೇ ಬಳಸುತ್ತಿದ್ದರೆಂದು ಆ ಪುಸ್ತಕದಲ್ಲಿ ಇತ್ತಂತೆ. ಕೋಳಿಯ ಗರಿ ಮೆತ್ತಗೆ, ಕಾಗೆಯದಕ್ಕೆ ಬಿಗುವು. ಒಂದು ತಂತಿಗೆ ಒಂದು ಗರಿಯಂತೆ ಬಹಳ ಗರಿ ಬೇಕು. ರಾಯಚೂರಿನಲ್ಲಿ ಕಾಗೆಗೇನು ಬರವಿಲ್ಲ, ಆದರೆ ನೀವು ಬಯಸಿದ ಜಾಗದಲ್ಲಿ ಅವು ಗರಿ ಉದುರಿಸುವುದಿಲ್ಲ. ಆಗ ಮಾಸ್ತರರ ಸೈನ್ಸ್ ಬುದ್ಧಿ ಓಡಿತು. ಕಾಗೆ ತಪ್ಪದೆ ಬರುವ ಜಾಗ ಯಾವುದು?

ಸತ್ತವರಿಗೆ ಮೂರನೆಯ ದಿನ ಹೂಳಿದ ಮಣ್ಣಿನ ಹತ್ತಿರ ಎಡೆ ಇಡುವುದು ನಮ್ಮ ಕಡೆಯ ಪದ್ಧತಿ. ಸತ್ತವರು ಇಷ್ಟಪಡುತ್ತಿದ್ದ ಅಡುಗೆ ಬಡಿಸಿ, ದೂರ ನಿಂತು ಕಾಗೆಗಾಗಿ ಕಾಯುತ್ತಾರೆ. ಕಾಗೆ ಬಂದು ಮುಟ್ಟಿದರೆ ಜೀವ ತೃಪ್ತಿಯಾಗಿ ಹೋಯಿತು ಎಂದು ಅರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ. ಆಗ ಮನೆಯವರು ಒಬ್ಬೊಬ್ಬರೇ ಮಾತು ಕೊಡಬೇಕು, ಮಗಳ ಮದುವೆ ಮಾಡುತ್ತೇವೆ, ಬಾವಿ ತೋಡಿಸುತ್ತೇವೆ ಎಂದು, ಆ ಉಳಿದ ಆಸೆ ಯಾವುದೆಂದು ಗೊತ್ತಾಗುವವರೆಗೂ.

ಒಂದು ದಿನ ಹೆಡ್‌ಮಾಸ್ತರರ ಕೋಣೆಯಲ್ಲಿ ಗಲಾಟೆ ಕೇಳಿ ಒಳಗೆ ಹೋದೆ. ತಲೆ ಬೋಳಿಸಿಕೊಂಡ ಒಬ್ಬ ಯಜಮಾನರು ಕೂಗಾಡುತ್ತ ನಿಂತಿದ್ದರು. ಅವರ ತಂದೆ ತೀರಿಕೊಂಡು ಕೆಲವೇ ದಿನವಾಗಿತ್ತು.

“ಎಡಿ ಇಟ್ಟೀವ್ರೀ, ಕಾಗಿ ಬರವಲ್ದು. ಹೊಲ ಮಾರಂಗಿಲ್ಲಪಾ ಅಂದ್ವಿ, ಬರವಲ್ದು. ತಮ್ಮನ ಕೂಡ ಜಗಳಾಡಂಗಿಲ್ಲ ಅಂದೆ, ಬರವಲ್ದು. ನೋಡಿದ್ರ ಗಿಡದ ಬುಡಕ ಈ ಮಾಸ್ತರ್ ಕುಂತಾರ್ರೀ! ಕಡೀಕ ಕಾಗಿ ಬಂತು, ಒಂದು ತುತ್ತು ಮುಟ್ಟಿ ಹಾರ್ತು. ಇವರು ಓಡಿ ಬಂದು ಅಲ್ಲೇ ಬಿದ್ದ ಗರಿ ಆರಿಸಿ ಕಿಸೆದಾಗ ಇಟ್ಕೊಂಡ್ರು. ಇದು ಮಾಟ ಅಲ್ದ ಮತ್ತೇನ್ರೀ ಸಾಹೇಬ್ರ?”

ಹೆಡ್‌ಮಾಸ್ತರು ಮಾಸ್ತರರ ಕಡೆ ನೋಡಿದರು. ಇಲ್ಲ ಎಂದಿದ್ದರೆ, ಕೈ ಮುಗಿದು ತಪ್ಪಾಯಿತು ಎಂದಿದ್ದರೆ, ಅಲ್ಲಿಗೇ ಮುಗಿಯುತ್ತಿತ್ತು. ಇವರು ಎದ್ದು ಹೋಗಿ ಫ್ಯಾನ್ ಬಂದ್ ಮಾಡಿದರು.

“ಮಾಟ ಅಲ್ರೀ. ಕಾಗಿ ಖಾತ್ರಿ ಬರೋ ಜಾಗ ಅದೊಂದೇ,” ಎಂದು ಸಮಾಧಾನದಿಂದ ವಿವರಿಸತೊಡಗಿದರು. “ಇದಕ್ಕಿಂತ ಮೊದಲ ಬ್ಯಾರೆದವರ ಎಡಿಗೂ ಹೋಗೀನ್ರೀ, ಅಲ್ಲಿ ಲಗೂ ಬಂದಿತ್ತು.”

ಆ ವರ್ಷವೇ ಅವರಿಗೆ ದೇವದುರ್ಗಕ್ಕೆ ವರ್ಗವಾಯಿತು. ನಾವು ಸೆಂಡ್‌ಆಫ್ ಕೊಟ್ಟು, ಹಾರ ಹಾಕಿ, ನಕ್ಕು ಕಳಿಸಿದೆವು. ಬಸ್ಸು ಹತ್ತುವಾಗ ಅಕ್ಕ ನನ್ನ ಕೈ ಹಿಡಿದು, “ಇವರಿಗಿ ಯಾರರ ಹೇಳ್ರೀ ಟೀಚರ್. ನಾ ಹಾಡ್ಲಿಲ್ಲ ಅಂದ್ರ ಲೋಕ ಏನೂ ಮುಳುಗಂಗಿಲ್ಲ,” ಎಂದರು. ಹೇಳುವಾಗ ನಗಲು ಹೋಗಿ ಆಗಲಿಲ್ಲ. ಅಕ್ಕನ ಲೋಕ ಮುಳುಗಿದೆ ಎಂದು ಮಾಸ್ತರರಿಗೆ ಗೊತ್ತಿತ್ತು, ನನಗೂ ಅವತ್ತು ಗೊತ್ತಾಯಿತು.

ದೇವದುರ್ಗದಲ್ಲಿ ಅವರು ಬಹಳ ವರ್ಷ ಇದ್ದರು. ಒಂದು ಬೇಸಿಗೆ ರಜೆಯಲ್ಲಿ ನೋಡಲು ಹೋದೆ. ನಡುಮನೆಯಲ್ಲಿ ಮೇಜಿನಷ್ಟು ಉದ್ದದ ತೇಗದ ಪೆಟ್ಟಿಗೆ. ಮುರಿದ ಹಾರ್ಮೋನಿಯಂ ಒಂದರ ಪಟ್ಟಿಗಳು ಅದಕ್ಕೆ ಬಂದು ಕೂತಿದ್ದವು, ತಂಬೂರಿಯ ತಂತಿಗಳು ಹೈದರಾಬಾದಿನಿಂದ ಬಂದಿದ್ದವು. ಬಿಸಿಲಿಗೆ ಹಲಗೆ ಸೀಳುತ್ತದೆಂದು ಪೆಟ್ಟಿಗೆಯ ಹಿಂದಿನ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ, ಗಳಿಗೆಗೊಮ್ಮೆ ನೀರು ಚಿಮುಕಿಸುತ್ತಿದ್ದರು. ತಾವು ಮಾತ್ರ ಬನಿಯನ್ ಹಿಂಡಿ ಹಿಂಡಿ ಹಾಕಿಕೊಳ್ಳುತ್ತಿದ್ದರು.

“ಲಗ್ನ ಆಗಿ ಇಷ್ಟು ವರ್ಷ ಆತು, ನನಗೊಂದು ತಟ್ಟಿ ಕಟ್ಟಿಲ್ರೀ ಇವರು,” ಎಂದು ಅಕ್ಕ ನನಗೆ ನೀರು ಕೊಡುತ್ತ ಅಂದರು. “ಆ ಪೆಟ್ಟಿಗಿಗಿ ಸೆಕಿ ಆಗ್ತದಂತ.”

ನಾನು ಮಾಸ್ತರರನ್ನು ಕೇಳಿದೆ. “ಸರ್, ಖರೇ ಹೇಳ್ರಿ. ಈ ವಾದ್ಯ ನೀವು ಒಮ್ಮಿಯರ ಕೇಳೀರೇನು?”

“ಇಲ್ಲ.”

“ರೇಡಿಯೊದಾಗ? ಪ್ಲೇಟಿನಾಗ?”

“ಇಲ್ರೀ.”

“ಮತ್ತ ಇದು ಬರೋಬ್ಬರಿ ಆಗ್ಯಾದ ಅಂತ ಹೆಂಗ ಗೊತ್ತಾಗ್ತದ?”

ಅವರು ಅಡುಗೆಮನೆಯ ಕಡೆ ಗದ್ದ ತೋರಿಸಿದರು. “ಇದನ್ನ ಬಾರಿಸಿದಾಗ ಈಕಿ ದನಿ ಕೇಳಿಸಿದ್ರ ಬರೋಬ್ಬರಿ ಆಗ್ಯಾದ ಅಂತ.”

ಆಮೇಲೆ ನಾನು ಆ ಪೆಟ್ಟಿಗೆಯ ವಿಷಯದಲ್ಲಿ ಚೇಷ್ಟೆ ಮಾಡುವುದನ್ನು ಕಡಿಮೆ ಮಾಡಿದೆ. ಬಿಟ್ಟೆ ಎಂದು ಹೇಳಲಾರೆ.

ಕೆಲಸ ನಿಂತದ್ದು ಮತ್ತೆ ಗರಿಗೇ. ರಾಯಚೂರಿನ ಕಾಗೆಗಳು ಕೊಟ್ಟದ್ದು ಅರ್ಧ ಪೆಟ್ಟಿಗೆಗೆ ಮಾತ್ರ ಸಾಲುತ್ತಿತ್ತು. ಇನ್ನೊಮ್ಮೆ ಎಡೆಯ ಜಾಗಕ್ಕೆ ಹೋಗುವುದಿಲ್ಲವೆಂದು ಅಕ್ಕ ಅವರಿಂದ ಆಣೆ ಮಾಡಿಸಿಕೊಂಡಿದ್ದರು. ಎಂಬತ್ತರ ದಶಕದ ಮೊದಲಲ್ಲಿ ಮಾನ್ವಿಗೆ ವರ್ಗವಾಗಿ ಬಂದಾಗ, ಕುರಿ ಹಿಂಡಿನ ಜೊತೆ ಆ ಕಡೆ ಬಂದ ಮಾಸ್ತರರ ಅಣ್ಣ, ತಮ್ಮನ ಮನೆಗೆ ಬಂದರು. ಪೆಟ್ಟಿಗೆಯ ಸುತ್ತ ಒಂದು ಸಲ ತಿರುಗಿ ನೋಡಿ, “ಇದರಾಗ ಏನು ಮಲಗಿಸ್ತಿಯೋ ತಮ್ಮಾ?” ಎಂದು ಕೇಳಿದರು. ವಿಷಯ ತಿಳಿದ ಮೇಲೆ, ಹೊಲಗಳಲ್ಲಿ ನವಿಲು ಉದುರಿಸಿದ ಗರಿಗಳನ್ನು ಆರಿಸಿ ಒಂದು ಹೊರೆ ತಂದು ಹಾಕಿದರು. ಸ್ವರ ನಿಲ್ಲಿಸಲು ತಂತಿಯ ಮೇಲೆ ಕೂರಬೇಕಾದ ಬಟ್ಟೆಯ ಚೂರುಗಳಿಗೆ ತಮ್ಮ ಹಳೆಯ ಕಂಬಳಿಯ ಅಂಚನ್ನೇ ಕತ್ತರಿಸಿ ಕೊಟ್ಟರು. ಹೀಗೆ ಬಾರಿಸುವವರ ಎಡಗೈಗೆ ಕಾಗೆ, ಬಲಗೈಗೆ ನವಿಲು ಬಂದು ಪೆಟ್ಟಿಗೆ ಮುಗಿಯಿತು.

ಕಂಡಕ್ಟರನ ಕೈಯಲ್ಲಿ ಹೇಳಿಕಳಿಸಿದರು, ನಾನು ಅವನದೇ ಬಸ್ಸಿನಲ್ಲಿ ಹೋದೆ. ಫ್ಯಾನ್ ನಿಂತಿತು. ಮಾಸ್ತರರ ತೋರುಬೆರಳು ಇಷ್ಟು ವರ್ಷ ಬಸ್ಸಿನ ಕಿಟಕಿ, ಬಸಿ ಎಲ್ಲ ಒತ್ತಿ ಈಗ ಒಂದು ಪಟ್ಟಿಯನ್ನು ಒತ್ತಿತು. ಸಣ್ಣಗೆ, ಖಣ್ಣನೆ, ತಂಬೂರಿಯ ತಂತಿ ಒಂದು ಗಳಿಗೆ ಮಾತಾಡಿ ಸುಮ್ಮನಾದಂತೆ ಕೇಳಿಸಿತು. ಕಟ್ಟುವುದು ಬರುತ್ತಿತ್ತು, ಬಾರಿಸುವುದು ಅವರಿಗೆ ಬರುತ್ತಿರಲಿಲ್ಲ. ಟೈಪ್ ಹೊಡೆದಂತೆ ಒಂದೊಂದೇ ಪಟ್ಟಿ ಹುಡುಕುತ್ತಿದ್ದರು. ಅಕ್ಕ ನೋಡಿ ನೋಡಿ ತಡೆಯಲಾಗದೆ, “ಸರೀರಿ ಅತ್ಲಾಗ,” ಎಂದು ಅವರನ್ನು ಎಬ್ಬಿಸಿ ತಾವೇ ಕೂತರು.

ತಂತಿಗಳನ್ನು ಅವರು ಅಕ್ಕನ ಈಗಿನ ಗಂಟಲಿಗೆ ತಕ್ಕಂತೆ ಇಳಿಸಿ ಕಟ್ಟಿದ್ದರು. “ಹಾರ್ಮೋನಿಯಂಗ ಮನುಷ್ಯಾ ಹೊಂದ್ಕೋಬೇಕ್ರೀ. ಇದು ಮನುಷ್ಯಾಗ ಹೊಂದ್ಕೋತದ,” ಎಂದು ನನ್ನ ಕಿವಿಯಲ್ಲಿ ಹೇಳಿದರು. ಅಕ್ಕ ಹಾಡಿದರು. ಹತ್ತು ವರ್ಷಕ್ಕೂ ಹಿಂದೆ ಗುಡಿಯಲ್ಲಿ ಕೇಳಿದ್ದ ದನಿ ಅದಲ್ಲ, ಅದರ ಒಳಗಿನ ತಿರುಳು. ತಂತಿ ಮಾತಾಡಿ ಸುಮ್ಮನಾದ ಜಾಗದಲ್ಲೆಲ್ಲ ಅಕ್ಕ ಕೇಳಿಸುತ್ತಿದ್ದರು. ನನಗೆ ಅಳು ಬಂತು. ಮರೆಸಲು, “ಅಂತೂ ಹಾರ್ಪ್ಸಿಕಾರ್ಡ್ ಆತು ಬಿಡ್ರಿ ಸರ್,” ಎಂದೆ.

“ಹಂಗನ್ನಂಗಿಲ್ರೀ,” ಎಂದರು ಅವರು ಗಂಭೀರವಾಗಿ. “ಹಾರ್ಪ್ಸಿಕಾರ್ಡ್ ಅಂದ್ರ ರೆಕ್ಕಿ ಆಕಾರ ಇರ್ತದ, ತಂತಿ ಉದ್ದಕ ಹೋಗ್ತಾವ. ಇದು ಚೌಕ ಪೆಟ್ಟಿಗಿ. ಇದಕ್ಕ ವರ್ಜಿನಲ್ ಅಂತಾರ. ಆಕಿ ತಂಗಿ.”

ಅಷ್ಟು ವರ್ಷ ಹಾರ್ಪ್ಸಿಕಾರ್ಡ್, ಹಾರ್ಪ್ಸಿಕಾರ್ಡ್ ಎಂದು ನಮ್ಮ ಬೆವರು ಇಳಿಸಿ, ಕೊನೆಗೆ ತಂಗಿ ಎಂದರೆ ಸಿಟ್ಟು ಬರುವುದಿಲ್ಲವೇ? ಅಕ್ಕನೂ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾಸ್ತರರ ಭುಜಗಳೂ ಅಲ್ಲಾಡಿದವು.

ಆದರೆ ಅವರಿಗೆ ಬೇಕಾಗಿದ್ದದ್ದು ಪೂರ್ತಿ ಆಗಲಿಲ್ಲ. ಅಕ್ಕ ಮನೆಯಲ್ಲಿ ಹಾಡುವರು, ಹೊರಗೆ ಒಲ್ಲೆ ಎನ್ನುವರು. ಮಾನ್ವಿಯ ಅವರ ಓಣಿಯಲ್ಲೂ ಸೋಮವಾರದ ಭಜನೆ ಇತ್ತು. ಪ್ರತಿ ಸೋಮವಾರ ಸಂಜೆ ಮಾಸ್ತರು ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತು, “ಹೋಗೋಣೇನು?” ಎಂದು ಕೇಳುವರು. “ಮುಂದಿನ ಸೋಮವಾರ ನೋಡೋಣ್ರಿ,” ಎಂದು ಅಕ್ಕ ಅನ್ನುವರು. ಅವರು ಅಂಗಿ ತೆಗೆದು ಗೂಟಕ್ಕೆ ಹಾಕುವರು. ಮಾಸ್ತರು ರಿಟೈರ್ ಆದರು, ಅದೇ ಊರಲ್ಲಿ ಉಳಿದರು, ಸೋಮವಾರದ ಅಂಗಿ ತಪ್ಪಲಿಲ್ಲ. ಅಕ್ಕನಿಗೆ ಹೆದರಿಕೆ, ಮತ್ತೊಮ್ಮೆ ಜನರ ಎದುರಿಗೆ ಅರ್ಧಕ್ಕೆ ನಿಲ್ಲಬೇಕಾಗುತ್ತದೆಂದು. ಅದು ನನಗೆ ತಿಳಿಯುತ್ತಿತ್ತು, ನಾನು ಒತ್ತಾಯ ಮಾಡಲಿಲ್ಲ.

ಈ ಬೇಸಿಗೆಯಲ್ಲಿ ಅವರು ಹೋದರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಸಾವಿನಲ್ಲೂ ಸದ್ದು ಮಾಡಲಿಲ್ಲ.

ಮೂರನೆಯ ದಿನ ಎಡೆಗೆ ನಾನೂ ಹೋಗಿದ್ದೆ. ರೊಟ್ಟಿ, ಪುಂಡಿಪಲ್ಯ, ಮಂಡಾಳ ಒಗ್ಗರಣೆ, ಮಿರ್ಚಿ, ಒಂದು ಲೋಟ ಚಹಾ, ಅವರಿಗೆ ಇಷ್ಟವಾದದ್ದೆಲ್ಲ ಇತ್ತು. ಬೇವಿನ ಗಿಡದಲ್ಲಿ ಕಾಗೆಗಳೂ ಇದ್ದವು. ಒಂದೂ ಕೆಳಗೆ ಇಳಿಯಲಿಲ್ಲ.

“ಮನಿ ಕಡಿ ನಾ ನೋಡ್ಕೋತೀನಿ ತಮ್ಮಾ,” ಎಂದರು ಅಣ್ಣ. ಕಾಗೆ ಅಲುಗಲಿಲ್ಲ. ಕಂಡಕ್ಟರ್ ಕೈ ಮುಗಿದು, “ಸರ್, ವಾರ ವಾರ ಬಂದು ಅಕ್ಕಾರನ್ನ ಮಾತಾಡಿಸ್ಕೊಂಡು ಹೋಗ್ತೀನ್ರೀ,” ಎಂದ. ಅದಕ್ಕೂ ಇಲ್ಲ. ಬಿಸಿಲು ಏರಿತು, ಚಹಾದ ಮೇಲೆ ಕೆನೆ ಕಟ್ಟಿತು. ಹಳೆಯ ದ್ವೇಷ ಇರಬೇಕು, ರಾಯಚೂರಿನ ಕಾಗೆಗಳು ಮಾನ್ವಿಯ ಕಾಗೆಗಳಿಗೆ ಹೇಳಿಕಳಿಸಿವೆ ಎಂದುಕೊಂಡೆ. ಅಂಥ ಹೊತ್ತಿನಲ್ಲೂ ನಗು ಬಂತು. ಇಂಥ ಮಾತಿಗೆ ಭುಜ ಅಲ್ಲಾಡಿಸುವವರು ಮಣ್ಣಿನೊಳಗಿದ್ದರು.

ಆಗ ಅಕ್ಕ ಸೆರಗು ಸರಿ ಮಾಡಿಕೊಂಡು ಎರಡು ಹೆಜ್ಜೆ ಮುಂದೆ ಹೋದರು. “ದಿನ ಮುಗೀಲಿ. ಸೋಮವಾರದ ಭಜನಿಗಿ ಹೋಗಿ ಹಾಡ್ತೀನ್ರೀ. ಅಂಗಿ ತೆಗೀಬ್ಯಾಡ್ರಿ,” ಎಂದರು. ಹಿಂದೆ ನಿಂತವರಿಗೆ ಯಾರಿಗೂ ಅದು ಕೇಳಿಸಲಿಲ್ಲ. ಮಗ್ಗುಲಲ್ಲಿದ್ದ ನನಗೆ ಕೇಳಿಸಿತು. ಗಿಡದ ಮೇಲಿದ್ದ ಒಂದು ಕಾಗೆಗೂ ಕೇಳಿಸಿರಬೇಕು. ಅದು ಇಳಿದು ಬಂದು, ಎಡೆಯ ಸುತ್ತ ಕುಪ್ಪಳಿಸಿ, ಮಿರ್ಚಿಯ ತುದಿಯನ್ನು ಮುಟ್ಟಿತು. ಇದನ್ನು ನಾನು ನಂಬುತ್ತೇನೆಯೇ ಎಂದು ಕೇಳಬೇಡಿ. ಅವತ್ತು ನಂಬಿದೆ.

ದಿವಸಗಳು ಮುಗಿದು ಬಂದ ಸೋಮವಾರ ನಾನು ಮತ್ತೆ ಮಾನ್ವಿಗೆ ಹೋದೆ. ಪೆಟ್ಟಿಗೆಯನ್ನು ಕೈಗಾಡಿಯಲ್ಲಿ ಗುಡಿಗೆ ತಂದರು. ಗಂಡ ಸತ್ತು ಇನ್ನೂ ತಿಂಗಳಾಗಿಲ್ಲ, ಹಾಡಲು ಬಂದಳಲ್ಲ ಎಂದು ಇಬ್ಬರು ಮುದುಕಿಯರು ಗುಸುಗುಸು ಮಾಡಿದರು. ಅವರಿಗೆ ಉತ್ತರ ಹೇಳಲು ನನ್ನ ಗಂಟಲು ಸಾಕಾಯಿತು. ಅಲ್ಲಿಯ ಹಾರ್ಮೋನಿಯಂನವರು ತಮ್ಮ ವಾದ್ಯಕ್ಕೆ ಬಟ್ಟೆ ಮುಚ್ಚಿ, ಪೆಟ್ಟಿಗೆ ಇಡಲು ಜಾಗ ಬಿಟ್ಟು ಸರಿದು ಕೂತರು. ಅಕ್ಕ ಪಟ್ಟಿಗಳ ಮೇಲೆ ಬೆರಳಿಟ್ಟರು, ಬಾಯಿ ತೆರೆದರು. ಏನೂ ಕೇಳಿಸಲಿಲ್ಲ. ತಲೆಯ ಮೇಲೆ ಗುಡಿಯ ಹಳೆಯ ಫ್ಯಾನ್ ಗರಗರ ತಿರುಗುತ್ತಿತ್ತು. ಹಿಂದಿನ ಸಾಲಿನ ಜನ ಮುಖ ಮುಖ ನೋಡಿಕೊಂಡರು. ಅಕ್ಕನ ದನಿ ಇನ್ನೇನು ನಿಲ್ಲುವುದರಲ್ಲಿತ್ತು. ಅವರು ನನ್ನ ಕಡೆ ನೋಡಿದರು.

ನಾನು ಎದ್ದು ಹೋಗಿ ಫ್ಯಾನ್ ಬಂದ್ ಮಾಡಿದೆ.

ಏಪ್ರಿಲ್ ತಿಂಗಳು. ಗುಡಿ ತುಂಬ ಜನ. “ಸುಮ್ನ ಕುಂದರ್ರಿ,” ಎಂದೆ, ಹುಟ್ಟಿದಾಗಿನಿಂದ ಮಾತಾಡಿರದಷ್ಟು ಮೆಲ್ಲಗೆ. ಎಲ್ಲರೂ ಬೆವರುತ್ತ ಕೂತರು, ಒಬ್ಬರೂ ಬೈಯಲಿಲ್ಲ. ಕೊನೆಯ ಸಾಲಿನವರೆಗೂ ಕೇಳಿಸಿತು.